ಸಾಹೇಬರ ಮುಂದೆ ನಾಲಿಗೆ ಒಣಗಿದಾಗ

ಪ್ರಶ್ನೆ: ವಿಜಯಪುರದ ಕಚೇರಿಯೊಂದರಲ್ಲಿ ಗುಮಾಸ್ತಳು ನಾನು. ಮೊನ್ನೆ ಹಿರಿಯ ಅಧಿಕಾರಿ ಎಲ್ಲರೆದುರು, ‘ಯೇಸು ನಿನಗೇನು ಕೊಟ್ಟಾನ?’ ಎಂದು ಕೇಳಿದರು. ಸುಮ್ಮನೆ ನಿಂತೆ. ಯೇಸುವಿನ ಶಿಷ್ಯ ಪೇತ್ರನಂತೆ ನಾನೂ ಆತನನ್ನು ಅಲ್ಲಗಳೆದೆನೆ?

ಉತ್ತರ: ಇಲ್ಲ ತಂಗಿ. ಯೇಸುವನ್ನು ಹಿಡಿದ ರಾತ್ರಿ ಪೇತ್ರ ‘ಆತನನ್ನು ಅರಿಯೆ’ ಎಂದಿದ್ದ. ನೀನು ಹಾಗೆ ಅನ್ನಲಿಲ್ಲವಲ್ಲ.

ನನಗೂ ಹೀಗಾಗಿತ್ತು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಮನೆ ಹೋದಾಗ, ಪರಿಹಾರದ ಕಾಗದ ಹಿಡಿದು ಒಬ್ಬ ಅಧಿಕಾರಿಯ ಮುಂದೆ ನಿಂತಿದ್ದೆ. ‘ನಿಮ್ಮ ದೇವರನ್ನs ಕೇಳ್ರಿ’ ಎಂದರು. ಬೆವರಿದೆ. ಆಗ ನೆನಪಾದವನು ಬೈಬಲಿನ ನೆಹೆಮೀಯ, ಪರ್ಷಿಯದ ಅರಸನ ಪಾನಸೇವಕ. ಅರಸ ಅರ್ತಷಸ್ತ ‘ನಿನಗೇನು ಬೇಕು?’ ಎಂದಾಗ, ಉತ್ತರ ಕೊಡುವ ಮುನ್ನ ನಿಂತಲ್ಲೇ ಪ್ರಾರ್ಥಿಸಿದವನು. ನಾನೂ ಹಾಗೇ ಮಾಡಿ, ‘ದಿನಾ ಕೇಳ್ತೀನ್ರಿ ಸಾಹೇಬ್ರ, ಅದಕ್ಕ ಇಲ್ಲಿ ನಿಲ್ಲೋ ಧೈರ್ಯ ಬಂದೈತಿ’ ಅಂದೆ. ಕಾಗದ ಈಸಿಕೊಂಡರು.

ಬೈಬಲಿನ ಅಪೊಸ್ತಲರ ಕೃತ್ಯಗಳು 26ನೇ ಅಧ್ಯಾಯ ಓದು. ಯೇಸುವನ್ನು ಸಾರುತ್ತಿದ್ದ ಪೌಲನ ಕೈಗೆ ಬೇಡಿ, ಎದುರಿಗೆ ಅರಸ ಅಗ್ರಿಪ್ಪ. ರೋಮಿನ ಅಧಿಪತಿ ಫೆಸ್ತ ‘ನಿನಗೆ ಹುಚ್ಚು’ ಎಂದು ಕೂಗಿದರೂ ಪೌಲ ಗೌರವ ಬಿಡದೆ ಮಾತಾಡಿದ. ದಮಸ್ಕ ಊರಿನ ದಾರಿಯಲ್ಲಿ ಯೇಸು ತನಗೆ ಕಾಣಿಸಿಕೊಂಡದ್ದನ್ನೇ ಹೇಳಿದ. ಸಾಹೇಬರು ಮತ್ತೆ ಕೇಳಿದರೆ, ನಿನ್ನ ಮನೆಯ ಕಷ್ಟದಲ್ಲಿ ಯೇಸು ಮಾಡಿದ್ದನ್ನು ಎರಡೇ ಮಾತಿನಲ್ಲಿ ಹೇಳವ್ವ.