ಅಕ್ಕನ ಮಗನನ್ನು ಮಾನಸಿಕ ಪರೀಕ್ಷೆಗೆ ಕಳಿಸಿದ್ದಾರೆ; ಡಾಕ್ಟರ್ ‘ಸರಿಯಿದ್ದಾನೆ’ ಅಂದರೆ ಮುಗಿಯಿತೇ?

ಮುಗಿಯುವುದಿಲ್ಲ. ಮೈಸೂರಿನಲ್ಲಿ ಹೀಗೆ ಕೇಸಿನಲ್ಲಿ ಸಿಕ್ಕಿಕೊಂಡ ಮಕ್ಕಳ ಆಪ್ತಸಮಾಲೋಚಕಿ ನಾನು. ಮಂಡ್ಯ ಕಡೆಯಿಂದ ಬರುವ ಮನೆಯವರು ನಿಮ್ಮಂತೆಯೇ ಎರಡು ಬೇರೆ ವಿಷಯಗಳನ್ನು ಒಂದೇ ಅಂದುಕೊಂಡು ಕಂಗಾಲಾಗಿರುತ್ತಾರೆ.

ಹುಡುಗನಿಗೆ 17, ಆರೋಪ ಘೋರ ಅಪರಾಧದ್ದು ಅಂದಿರಿ. 16 ತುಂಬಿದವರ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯ ಕೇಸು ಬಿದ್ದಾಗ, 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂನಂತೆ ಬಾಲನ್ಯಾಯ ಮಂಡಳಿ, ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂದು ನಿರ್ಧರಿಸಲು, ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಆ ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮದ ಅರಿವಿತ್ತೇ, ಸಂದರ್ಭ ಎಂಥದ್ದು ಎಂದು ನೋಡುತ್ತಾರೆ. ತಪ್ಪು ಮಾಡಿದನೋ ಇಲ್ಲವೋ ಅಲ್ಲಿ ತೀರ್ಮಾನವಾಗುವುದಿಲ್ಲ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಓದಿ ವೃತ್ತಿಯಲ್ಲಿರುವವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಇನ್ನೊಂದು ವಿಷಯವೇ ಬೇರೆ. ಇವತ್ತು, ತನ್ನ ಮೇಲೆ ನಡೆಯುತ್ತಿರುವ ಕೇಸು ಅವನಿಗೆ ಅರ್ಥವಾಗುತ್ತಿದೆಯೇ? ತನ್ನ ಕಡೆಯ ಮಾತನ್ನು ವಕೀಲರಿಗೆ ಹೇಳಬಲ್ಲನೇ? 15ನೇ ಕಲಂ ಇದನ್ನು ಕೇಳುವುದೇ ಇಲ್ಲ. ನೀವು, ನಿಮ್ಮ ವಕೀಲರು ಎತ್ತಬೇಕು. ನನಗೆ ಸಂಕಟವಾಗುವುದು ಇಲ್ಲೇ. ನಮ್ಮ ಹುಡುಗರು ದೊಡ್ಡವರು ಏನು ಕೇಳಿದರೂ ‘ಹ್ಞೂಂ ಸಾರ್’ ಅನ್ನುತ್ತಾರೆ. ಅದನ್ನೇ ತಿಳಿವಳಿಕೆ ಎಂದು ಬರೆದುಕೊಂಡರೆ ಘೋರ ಅನ್ಯಾಯ. ‘ವಕೀಲರು ಯಾರ ಪರ?’, ‘ಅವರಿಗೆ ಹೇಳಿದ್ದು ಪೊಲೀಸರಿಗೆ ಹೋಗುತ್ತಾ?’, ‘ಸಾಕ್ಷಿ ಸುಳ್ಳು ಹೇಳಿದರೆ ಏನ್ಮಾಡ್ತೀಯಪ್ಪಾ?’ ಎಂದು ಕೇಳಿ, ಅವನದೇ ಮಾತಲ್ಲಿ ಉತ್ತರ ಬರುವವರೆಗೆ ಕಾಯಬೇಕು. ಬುದ್ಧಿಮಟ್ಟ ಅಳೆಯುವ ಐಕ್ಯೂ ಅಂಕಿಯೊಂದರಿಂದ ಇದು ತಿಳಿಯದು. ಚಿಕ್ಕಂದಿನಿಂದ ಕಿವಿ ಮಂದವಿದ್ದರೆ, ಮಾತು ತಡವಾಗಿ ಬಂದಿದ್ದರೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆಯಾಗಲೆಂದು ವಕೀಲರ ಮೂಲಕ ಮಂಡಳಿಯನ್ನು ಕೇಳಿಕೊಳ್ಳಿ. ಶಾಲೆಯ ದಾಖಲೆ, ಹಳೇ ಆಸ್ಪತ್ರೆ ಚೀಟಿ ಏನಿದ್ದರೂ ಕೊಡಿ.

‘ಹುಚ್ಚು ಅಂತ ಬರೆಸಿಬಿಡಿ’ ಎಂದು ನೆಂಟರು ಹೇಳುತ್ತಿದ್ದಾರಂತಲ್ಲ, ದಯವಿಟ್ಟು ಬೇಡ. ನಟನೆ ಹೇಳಿಕೊಟ್ಟಿದ್ದು ಗೊತ್ತಾದರೆ ಅವನ ನಿಜವಾದ ತೊಂದರೆಯನ್ನೂ ಯಾರೂ ನಂಬುವುದಿಲ್ಲ. ಅಲ್ಲದೆ ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 367, 368ನೇ ಕಲಂಗಳಡಿ, ಮನೋರೋಗದಿಂದ ಆರೋಪಿ ವಿಚಾರಣೆ ಎದುರಿಸಲಾರ ಎಂದಾದರೂ ವಿಚಾರಣೆ ಮುಂದೂಡಬಹುದು, ಕೇಸು ತಾನಾಗಿ ಬಿದ್ದುಹೋಗುವುದಿಲ್ಲ.

ವಯಸ್ಕನಂತೆ ವಿಚಾರಿಸಬೇಕೆಂದು ಮಂಡಳಿ ಆದೇಶಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಿ. ಆಗ ಕೇಸು ಹೋಗುವ ಮಕ್ಕಳ ನ್ಯಾಯಾಲಯವೂ ಬಾಲನ್ಯಾಯ ಕಾಯ್ದೆಯ 19ನೇ ಕಲಂನಂತೆ ಅದನ್ನು ಮತ್ತೆ ತೂಗಿ ನೋಡಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.