ಅರ್ಧ ಹೆಜ್ಜೆ ಹಿಂದೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ವೃತ್ತಿಪರ ಫುಟ್‌ಬಾಲ್ ಆಟಗಾರ. ಸೆಂಟರ್ ಬ್ಯಾಕ್, ಅಂದರೆ ಡಿಫೆನ್ಸ್‌ನ ಮಧ್ಯದಲ್ಲಿ ನಿಂತು ಎದುರಾಳಿಯನ್ನು ತಡೆಯುವವರು. ವಯಸ್ಸು 32. ಕ್ಲಬ್ ಜೊತೆಗಿನ ಒಪ್ಪಂದ ಮುಗಿಯಲು 8 ತಿಂಗಳಿತ್ತು. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಕೂತು ಐದು ನಿಮಿಷ ಆಗಿರಲಿಲ್ಲ, ಫೋನ್ ತೆಗೆದು ಒಂದು ವಿಡಿಯೊ ತೋರಿಸಿದರು. 11 ಸೆಕೆಂಡಿನದು. ಇವರ ತಂಡ ಗೋಲು ಬಿಟ್ಟುಕೊಟ್ಟ ದೃಶ್ಯ.

ದಿನಕ್ಕೆ ಎಷ್ಟು ಸಲ ನೋಡ್ತೀರಿ ಅಂತ ಕೇಳಿದೆ.

“ಲೆಕ್ಕ ಇಟ್ಟಿಲ್ಲ ಮೇಡಂ. ರಾತ್ರಿ ಹೊತ್ತು ಜಾಸ್ತಿ.”

ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ. ಬಿಡಿಸಿ ಹೇಳಿ ಅಂದೆ. ಮೇಜಿನ ಮೇಲಿದ್ದ ನಾಲ್ಕು ಪೇಪರ್ ಕ್ಲಿಪ್ಪುಗಳನ್ನು ಸಾಲಾಗಿ ಇಟ್ಟರು. ಇದು ಡಿಫೆನ್ಸ್ ಸಾಲು. ಎದುರಾಳಿ ಪಾಸ್ ಕೊಡುವ ಹೊತ್ತಿಗೆ ನಾಲ್ವರೂ ಒಟ್ಟಿಗೆ ಮುಂದೆ ಬಂದರೆ ಅವರ ಹಿಂದೆ ಉಳಿದ ಸ್ಟ್ರೈಕರ್ ಆಫ್‌ಸೈಡ್ ಆಗ್ತಾನೆ, ಅಂದರೆ ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಒಬ್ಬ ಹಿಂದೆ ಉಳಿದರೂ ಇದು ಕೆಡುತ್ತದೆ. ಮೂರು ಕ್ಲಿಪ್ಪನ್ನು ಮುಂದೆ ತಳ್ಳಿದರು. ನಾಲ್ಕನೆಯದನ್ನು ಬೆರಳಲ್ಲಿ ಒತ್ತಿ ಹಿಡಿದರು. “ಇದು ನಾನು. ಅರ್ಧ ಹೆಜ್ಜೆ ಹಿಂದೆ ಉಳಿದೆ.” ಮಾತು ಬೇರೆ ಕಡೆ ಹೋದರೂ ಆ ಬೆರಳು ಅಲ್ಲಿಂದ ಏಳಲಿಲ್ಲ.

ಅವತ್ತು ನಾನು ಕೊಟ್ಟ ಸಲಹೆ ದಡ್ಡತನದ್ದು. ವಿಡಿಯೊ ಡಿಲೀಟ್ ಮಾಡಿ ಅಂದೆ. ಮಾಡಿದರು. ಅದೇ ರಾತ್ರಿ ಇಂಟರ್ನೆಟ್‌ನಲ್ಲಿ ಹುಡುಕಿ ನೋಡಿದರು, ಕೆಳಗಿದ್ದ ಬೈಗುಳವನ್ನೂ ಓದಿದರು.

ಎರಡನೇ ಸಲ ಬಂದಾಗ ಬೇರೆ ಪ್ರಶ್ನೆ ಹಾಕಿದೆ. ಹಿಂದೆ ಉಳಿದದ್ದು ಯಾಕೆ? ಸುಮಾರು ಹೊತ್ತು ಮಂಡಿ ಸವರುತ್ತಾ ಕೂತಿದ್ದರು. ಎರಡು ವರ್ಷದ ಹಿಂದೆ ಲಿಗಮೆಂಟ್ ಆಪರೇಷನ್ ಆಗಿತ್ತು, 9 ತಿಂಗಳು ಆಟವಿರಲಿಲ್ಲ. ಆಮೇಲೆ ಓಟದಲ್ಲಿ ಮೊದಲಿನ ಬಿರುಸು ಬರಲೇ ಇಲ್ಲ. ಚೆಂಡು ಬೆನ್ನ ಹಿಂದೆ ಬಿದ್ದರೆ ಎಳೆ ಹುಡುಗರನ್ನು ಹಿಡಿಯೋಕಾಗಲ್ಲ ಅನ್ನುವ ಭಯ. ಅದಕ್ಕೇ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಇದನ್ನು ಕೋಚ್‌ಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಒಪ್ಪಂದ ಹೋಯಿತು ಅಂತ ಲೆಕ್ಕ. ಯಾವುದನ್ನು ತಪ್ಪಿಸೋಕೆ ಹಿಂದೆ ಸರಿದರೋ, ಸರಿದದ್ದರಿಂದಲೇ ಅದು ಆಯಿತಲ್ವಾ?

ವಿಡಿಯೊ ಬಿಡಬೇಡಿ, ಆದರೆ ಕೋಚ್ ಪಕ್ಕದಲ್ಲಿ ಕೂತು ಹಗಲಲ್ಲಿ ಒಂದೇ ಸಲ ನೋಡಿ ಅಂದೆ. ಮಲಗುವಾಗ ಫೋನ್ ಹೊರಗಿನ ಕೋಣೆಯಲ್ಲಿರಲಿ. ಕೋಚ್ ಹತ್ತಿರ ‘ಫಾರ್ಮ್ ಇಲ್ಲ’ ಅಂತ ಸುಮ್ನೆ ಹೇಳಬೇಡಿ, ‘ಬೆನ್ನ ಹಿಂದಿನ ಜಾಗ ಹೆದರಿಸುತ್ತಿದೆ’ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ನಿವೃತ್ತಿಯ ಮಾತು ಈ ತಿಂಗಳು ಬೇಡ. ನಿದ್ದೆಗೆಟ್ಟವರು ಯಾವುದನ್ನೂ ತೀರ್ಮಾನ ಮಾಡಬಾರದು. ಒಪ್ಪಂದ ಕೊನೆಯ 6 ತಿಂಗಳಿಗೆ ಬಂದರೆ ಬೇರೆ ಕ್ಲಬ್ ಜೊತೆ ಸಹಿ ಹಾಕಲು ಫಿಫಾ ನಿಯಮದಲ್ಲಿ ಅವಕಾಶವಿದೆ ಅಂತ ಅವರೇ ಹೇಳಿದ್ದರು. ಹಾಗಾದರೆ ಇನ್ನೂ ಎರಡು ತಿಂಗಳು ಕೈಯಲ್ಲಿದೆ, ಆಟ ಬದಲಿಸಿಕೊಳ್ಳೋಕೆ ಬಳಸಿ ಅಂದೆ.

“ಇಟಲಿಯ ಆಟಗಾರ ಮಾಲ್ದಿನಿ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ಡಿಫೆಂಡರ್ ಆಗಿದ್ದವನು ಮಧ್ಯಕ್ಕೆ ಬಂದ. 2009ರಲ್ಲಿ ಬಿಟ್ಟಾಗ 40 ಆಗಿತ್ತು” ಅಂದರು. ತಕ್ಷಣ ನಕ್ಕು, “ನಾನು ಮಾಲ್ದಿನಿ ಅಲ್ಲ ಬಿಡಿ” ಅಂದರು. ಅವರು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು.

ಕೋಚ್ ಸಿಟ್ಟಾಗಲಿಲ್ಲವಂತೆ. ಈಗ ಮೂವರ ಡಿಫೆನ್ಸ್‌ನಲ್ಲಿ ನಡುವೆ ಆಡಿಸುತ್ತಿದ್ದಾರೆ. ಅಲ್ಲಿ ಓಟಕ್ಕಿಂತ ಕಣ್ಣು, ಬಾಯಿ ಮುಖ್ಯ. ರಾತ್ರಿ ಐದು ತಾಸು ನಿದ್ದೆ ಬರುತ್ತಿದೆ. ಸೋತ ದಿನ ಮಾತ್ರ ಫೋನ್ ಒಳಗೆ ಬರುತ್ತದೆ ಅಂತ ಒಪ್ಪಿಕೊಂಡರು. ಒಪ್ಪಂದದ ಮಾತು ಇನ್ನೂ ನಡೀತಿದೆ. ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆತರಲು ಹೇಳಿದ್ದೇನೆ.