‘ಬಾಗಿಲು ತೆಗೆಯಬೇಕಂತೆ’

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಗಂಡ ಹೆಂಡತಿ. ಮದುವೆಯಾಗಿ ಹದಿನಾಲ್ಕು ತಿಂಗಳು. ಗಂಡನಿಗೆ ಮೊದಲನೆಯದು, ಆಕೆಗೆ ಎರಡನೆಯದು. ಆಕೆಗೆ ಹದಿಮೂರು ವರ್ಷದ ಮಗಳಿದ್ದಾಳೆ. ವಿಚ್ಛೇದನದ ನಂತರ ಆರು ವರ್ಷ ತಾಯಿ ಮಗಳು ಇಬ್ಬರೇ ಇದ್ದರು. ಹೆತ್ತ ತಂದೆ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ.

ದೂರು ಗಂಡನದು. “ಅವಳು ನನ್ನನ್ನು ಏನೆಂದೂ ಕರೆಯುವುದಿಲ್ಲ.” ಅಂಕಲ್ ಎಂದು ಕೂಡ? ಇಲ್ಲ. ‘ಬಾಗಿಲು ತೆಗೆಯಬೇಕಂತೆ’, ‘ಊಟಕ್ಕೆ ಬರಬೇಕಂತೆ’ ಎಂದು, ಯಾರೋ ಹೇಳಿಕಳಿಸಿದ ಸುದ್ದಿ ಮುಟ್ಟಿಸುವಂತೆ ಗಾಳಿಗೆ ಹೇಳಿ ಹೋಗುತ್ತಾಳೆ. ನೀವು, ನೀನು ಎರಡನ್ನೂ ಬಳಸದೆ ಹದಿನಾಲ್ಕು ತಿಂಗಳು ಮಾತಾಡುವುದು ಸಣ್ಣ ಕೆಲಸವಲ್ಲ. ಆ ಹುಡುಗಿಯ ವ್ಯಾಕರಣಕ್ಕೆ ಮನಸ್ಸಿನಲ್ಲೇ ತಲೆದೂಗಿದೆ.

ಮೂರನೆಯ ಭೇಟಿಗೆ ಅವಳೊಬ್ಬಳೇ ಒಳಗೆ ಬಂದಳು. ಬಹಳ ಹೊತ್ತು ಪರೀಕ್ಷೆ, ಗೆಳತಿಯರು ಎಂದೆಲ್ಲ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು. ಮದುವೆಯ ದಿನ ಅಮ್ಮನ ಗಂಡ ಎಲ್ಲರೆದುರು “ಇವತ್ತಿಗೆ ನಮ್ಮ ಕುಟುಂಬ ಪೂರ್ತಿಯಾಯಿತು” ಎಂದರಂತೆ. “ಹಾಗಾದರೆ ಆರು ವರ್ಷ ನಾನು, ಅಮ್ಮ ಏನಾಗಿದ್ದೆವು?”

ಪ್ರೀತಿಯಿಂದ ಆಡಿದ ಮಾತೇ ಅವಳಿಗೆ ಚುಚ್ಚಿತ್ತು. ಒಂದು ಕಾಲದ ಸಮಾಜಶಾಸ್ತ್ರದ ಪಠ್ಯವೂ ಅವರ ಪರವಾಗಿಯೇ ಇತ್ತೆನ್ನಿ. 250 ಸಮಾಜಗಳನ್ನು ಹೋಲಿಸಿ ನೋಡಿದ ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ 1949ರಲ್ಲಿ ಕುಟುಂಬಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಒಂದೇ ಸೂರು, ಆರ್ಥಿಕ ಸಹಕಾರ, ಸಂತಾನದ ಜೊತೆಗೆ ವಯಸ್ಕ ಗಂಡು ಹೆಣ್ಣು ಇಬ್ಬರೂ ಇರಬೇಕು. ಆ ಅಳತೆಗೋಲಿಗೆ ತಾಯಿ ಮಗಳ ಮನೆ ಕುಟುಂಬವೇ ಅಲ್ಲ. ಇಂದು ಏಕಪೋಷಕ ಕುಟುಂಬವೂ ಪುಸ್ತಕದಲ್ಲಿ ಕುಟುಂಬವೇ. ಆದರೆ ‘ಒಡೆದ ಮನೆ’ ಎಂಬ ಮಾತನ್ನು ನಾವಿನ್ನೂ ಬಿಟ್ಟಿಲ್ಲ.

ಗಂಡನಿಗೆ ನಾನು ಹೇಳಿದ್ದು ಬೇರೆ. ಕುಟುಂಬ ಒಂದು ಸಂಸ್ಥೆ ಎಂದರೆ ಯಾರು ಯಾರಿಗೆ ಏನಾಗಬೇಕು ಎಂಬುದು ಮೊದಲೇ ಗೊತ್ತಿರುವುದು. ಮರುಮದುವೆಯ ಮನೆಗೆ ಆ ಸೌಲಭ್ಯವಿಲ್ಲ. ಅದಕ್ಕೇ ಸಮಾಜಶಾಸ್ತ್ರಜ್ಞ ಆಂಡ್ರ್ಯೂ ಚೆರ್ಲಿನ್ 1978ರಲ್ಲಿ ಅದನ್ನು ‘ಅಪೂರ್ಣ ಸಂಸ್ಥೆ’ ಎಂದರು. ಮಲತಂದೆಯನ್ನು ಕರೆಯಲು ಪದವೇ ಇಲ್ಲದಿರುವುದನ್ನೂ ಉದಾಹರಿಸಿದರು. ‘ಮಲತಂದೆ’ ಅರ್ಜಿಯಲ್ಲಿ ತುಂಬುವ ಪದ. ಆ ಹೆಸರು ಹಿಡಿದು ಯಾರನ್ನಾದರೂ ಊಟಕ್ಕೆ ಕರೆಯಲು ಸಾಧ್ಯವೇ? ‘ಅಪ್ಪ’ ಎಂಬ ಜಾಗದಲ್ಲಿ ಆಗಲೇ ಒಬ್ಬರಿದ್ದಾರೆ. ಹುಡುಗಿಯದು ಅಹಂಕಾರವಲ್ಲ, ಪದದ ಬರ.

“ಬುದ್ಧಿ ಹೇಳಲೂ ನನಗೆ ಅಧಿಕಾರವಿಲ್ಲವೇ?”

ಸದ್ಯಕ್ಕಿಲ್ಲ ಎಂದೆ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಪಪುವಾ ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡ ಮಾತೃವಂಶೀಯ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಕುಟುಂಬಗಳಲ್ಲಿ ಮಕ್ಕಳ ಮೇಲಿನ ಅಧಿಕಾರ ಸೋದರಮಾವನದು. ತಂದೆ ಎತ್ತಿ ಆಡಿಸುವವನು, ಸಲಿಗೆಯವನು. ಅಧಿಕಾರವಿಲ್ಲದ ಮಾತ್ರಕ್ಕೆ ಅವನು ಬೇಡದವನಾಗಲಿಲ್ಲ. ಅವರು ನಕ್ಕರು, ಪೂರ್ತಿ ಒಪ್ಪಿದ ನಗುವಲ್ಲ.

ಕೊಟ್ಟ ಸಲಹೆ ಇಷ್ಟು. ಕರೆಯುವ ಹೆಸರನ್ನು ಹುಡುಗಿ ಆರಿಸಲಿ. ತಡವಾದರೂ ಯಾರೂ ನೆನಪಿಸಬಾರದು. ಓದು, ಮೊಬೈಲ್, ಮನೆಗೆ ಬರುವ ಹೊತ್ತು, ಇವುಗಳ ಬಗ್ಗೆ ತಾಯಿಯೇ ಮಾತಾಡಲಿ. ತಾಯಿ ಮನೆಯಲ್ಲಿಲ್ಲದಾಗ ಅವರು “ಅಮ್ಮನ ನಿಯಮ ಹೀಗಿದೆ” ಎಂದರೆ ಸಾಕು. ಹೆತ್ತ ತಂದೆಯ ಫೋನ್ ಬಂದಾಗ ಆ ಕೋಣೆಯಿಂದ ಎದ್ದುಹೋಗಲಿ, ಮುಖ ಗಂಟಿಕ್ಕದೆ. ತಾಯಿಗೆ ಹೇಳಿದ್ದು ಹೆಚ್ಚು ಕಠಿಣವಾಗಿತ್ತು: ವಾರಕ್ಕೆ ಒಂದು ಸಂಜೆ ಮಗಳೊಂದಿಗೆ ಇಬ್ಬರೇ ಇರಬೇಕು. ಗಂಡನಿಗೆ ಬೇಸರವಾದೀತೆಂದು ಆಕೆ ಅದನ್ನೇ ಮೊದಲು ಕೈಬಿಟ್ಟಿದ್ದರು. ಇನ್ನು ಆ ‘ಪೂರ್ತಿ’ ಎಂಬ ಮಾತನ್ನು ಅವರೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡರು: “ನೀವಿಬ್ಬರೂ ಕುಟುಂಬವಾಗಿಯೇ ಇದ್ದಿರಿ. ನಾನು ಆಮೇಲೆ ಬಂದವನು.” ಹುಡುಗಿ ಉತ್ತರಿಸಲಿಲ್ಲ.

ಏಳು ತಿಂಗಳಾಗಿದೆ. ಹೆಸರು ಇನ್ನೂ ಸಿಕ್ಕಿಲ್ಲ. ತಾಯಿ ಎರಡು ಸಲ ಸಂಜೆ ತಪ್ಪಿಸಿದ್ದಾರೆ. ಕಳೆದ ಭೇಟಿಯಲ್ಲಿ ಗಂಡ ಒಂದು ವಾಕ್ಯವನ್ನು ಕಾಗದದಲ್ಲಿ ಬರೆದು ತಂದಿದ್ದರು, ನಾನು ನಂಬಲಿಕ್ಕಿಲ್ಲವೆಂದು: “ಬಾಗಿಲು ತೆಗೆಯುತ್ತೀರಾ?”